ಆ ಮನೆಯವರಿಗೆ ತಿಂಗಳಿಗೆ ಎರಡು ಗಂಟೆ ಕೊಡಿ

ನಿಮ್ಮ ಮೊಹಲ್ಲಾದಲ್ಲಿ ಎಷ್ಟು ಮನೆಗಳಿವೆ ಎಂದು ಕೇಳಿದರೆ ಜಮಾಅತ್‌ನ ಕಾರ್ಯದರ್ಶಿ ರಿಜಿಸ್ಟರ್ ತೆರೆದು ಲೆಕ್ಕ ಹೇಳುತ್ತಾರೆ. ಅವುಗಳಲ್ಲಿ ಎಷ್ಟು ಮನೆಗಳಲ್ಲಿ ಹತ್ತು ವರ್ಷ ದಾಟಿದರೂ ನಡೆಯಲಾರದ ಮಗು ಇದೆ, ಎಷ್ಟು ಮಕ್ಕಳಿಗೆ ತಿಂಗಳು ತಿಂಗಳು ರಕ್ತ ಹಾಕಿಸಬೇಕು, ಎಷ್ಟು ಕಡೆ ಮಾತು ಬಾರದ ಹುಡುಗನೊಬ್ಬ ಹಿಂದಿನ ಕೋಣೆಯಲ್ಲೇ ದೊಡ್ಡವನಾಗುತ್ತಿದ್ದಾನೆ ಎಂದು ಕೇಳಿ ನೋಡಿ. ಆ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ. ನೆರೆಮನೆಯವರಿಗೆ ಗೊತ್ತಿರುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಹೇಳದಿರುವುದೇ ಸಭ್ಯತೆ ಎಂದು ನಾವೆಲ್ಲ ಒಪ್ಪಿಕೊಂಡು ಬಿಟ್ಟಿದ್ದೇವೆ.

ಈ ಸಲ ಆ ಮಕ್ಕಳ ಕಾಯಿಲೆಯ ಬಗ್ಗೆ ಬರೆಯುತ್ತಿಲ್ಲ. ಅವರನ್ನು ನೋಡಿಕೊಳ್ಳುವವರ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಇಂಥ ಮಕ್ಕಳ ತಾಯಿತಂದೆಯರು ತಿಂಗಳಿಗೊಮ್ಮೆಯಾದರೂ ತಮ್ಮಂಥವರ ಜೊತೆ ಕುಳಿತು ಮಾತನಾಡಲು ಪ್ರತಿ ಮೊಹಲ್ಲಾದಲ್ಲಿ ಒಂದು ಬಳಗ ಬೇಕು. ಅದಕ್ಕೆ ಜಾಗ ಕೊಡುವುದು ಜಮಾಅತ್‌ನ ಕೆಲಸ. ನಡೆಸುವುದು ಮಾತ್ರ ಆ ತಾಯಿತಂದೆಯರ ಕೆಲಸ. ಡಾಕ್ಟರರದ್ದಲ್ಲ, ಸಮಿತಿಯವರದ್ದಲ್ಲ, ದಾನಿಗಳದ್ದೂ ಅಲ್ಲ.

ನನ್ನ ದವಾಖಾನೆಗೆ ಬರುವ ಹೆಂಗಸರಲ್ಲಿ 35ರಿಂದ 50ರ ನಡುವಿನವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆ. ಸೊಂಟನೋವು, ತಲೆಭಾರ, ಎದೆ ಢವಢವ ಎನ್ನುವುದು, ಹೊಟ್ಟೆಯುರಿ, ನಿದ್ದೆ ಇಲ್ಲ. ‘ಡಾಕ್ಟರ್ ಸಾಬ್, ತಾಕತ್ತಿಗೆ ಏನಾದರೂ ಕೊಡಿ’ ಎನ್ನುತ್ತಾರೆ. ನಾಡಿ ಹಿಡಿದು ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ವಿಚಾರಿಸಿದಾಗ ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳುತ್ತಾರೆ. 14 ವರ್ಷದ ಮಗ ಇದ್ದಾನೆ, ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ದಿನಕ್ಕೆ ಐದಾರು ಸಲ ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಮಗನ ತೂಕ 38 ಕಿಲೋ, ತಾಯಿಯದು 45. ಆ ಸೊಂಟ ನೋಯದೆ ಇನ್ನೇನಾದೀತು?

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯವನ್ನು ಉಳಿಸುವ, ಕೆಡಿಸುವ ಆರು ಅನಿವಾರ್ಯ ಸಂಗತಿಗಳನ್ನು ಹೇಳಿದ್ದಾರೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅವುಗಳ ಹೆಸರು. ಉಸಿರಾಡುವ ಗಾಳಿ, ತಿನ್ನುವುದು ಕುಡಿಯುವುದು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಗೆ ದೇಹದಲ್ಲಿ ಉಳಿಯಬೇಕಾದ್ದು ಉಳಿದು ಹೋಗಬೇಕಾದ್ದು ಹೋಗುವುದು. ಇಬ್ನ್ ಸೀನಾ ಬರೆದ ಕಾಲದಿಂದ ಇಂದಿನ ಬಿ.ಯು.ಎಂ.ಎಸ್. ತರಗತಿಯವರೆಗೆ ಈ ಪಾಠ ಬದಲಾಗಿಲ್ಲ. ಮಗುವಿನ ಆರೈಕೆಯಲ್ಲೇ ದಿನ ಕಳೆಯುವ ತಾಯಿಯ ಮುಂದೆ ಈ ಆರನ್ನೂ ಇಟ್ಟು ನೋಡಿ. ಹೊರಗಿನ ಗಾಳಿ ಇಲ್ಲ. ಊಟ, ಮಗು ತಿಂದು ಮುಗಿಸಿದ ಮೇಲೆ, ತಣ್ಣಗಾದದ್ದು. ದೇಹಕ್ಕೆ ಚಲನೆ ಉಂಟು, ವಿಶ್ರಾಂತಿ ಇಲ್ಲ. ನಿದ್ದೆ ತುಂಡು ತುಂಡು. ಬಾತ್‌ರೂಮಿಗೆ ಹೋಗುವುದನ್ನೂ ಮುಂದೂಡಿ ಮುಂದೂಡಿ ಮೂತ್ರದ ಸೋಂಕು ತಂದುಕೊಂಡವರು ಎಷ್ಟೋ ಮಂದಿ. ಮನಸ್ಸಿಗೆ ಇರುವುದು ಒಂದೇ ಚಲನೆ, ಅದೂ ಸುತ್ತಿ ಸುತ್ತಿ ಒಂದೇ ಜಾಗಕ್ಕೆ ಬರುತ್ತದೆ: ನಾನು ಸತ್ತ ಮೇಲೆ ಇವನನ್ನು ಯಾರು ನೋಡುತ್ತಾರೆ?

ಇವರಿಗೆ ನಾನು ಖಮೀರಾ ಗಾವ್‌ಝಬಾನ್ ಬರೆದುಕೊಡಬಹುದು, ಕೊಡುತ್ತೇನೆ ಕೂಡ. ಆದರೆ ರಾತ್ರಿ ಮೂರು ಸಲ ಎದ್ದು ಮಗುವಿನ ಮಗ್ಗುಲು ಬದಲಿಸುವವಳಿಗೆ ಖಮೀರಾ ನಿದ್ದೆ ತರಲಾರದು. ಅವಳಿಗೆ ಬೇಕಾದದ್ದು ಇನ್ನೊಬ್ಬರ ಕೈ, ಮತ್ತು ತನ್ನ ಮಾತು ಅರ್ಧಕ್ಕೇ ಅರ್ಥವಾಗುವ ಇನ್ನೊಂದು ಕಿವಿ.

ಆ ಕಿವಿ ನಮ್ಮ ನಿಮ್ಮದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಾವು ಕನಿಕರ ತೋರಿಸುತ್ತೇವೆ. ‘ಪಾಪ’ ಎನ್ನುತ್ತೇವೆ, ‘ಅಲ್ಲಾಹನು ನಿಮ್ಮನ್ನೇ ಆರಿಸಿದ್ದಾನೆ ಆಪಾ’ ಎನ್ನುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಆ ಮಾತು ಮುಗಿದ ಕೂಡಲೇ ಸಂಭಾಷಣೆಯೂ ಮುಗಿದು ಹೋಗುತ್ತದೆ, ಏಕೆಂದರೆ ಅದಕ್ಕೆ ಅವಳು ಕೊಡಬಹುದಾದ ಉತ್ತರ ತಲೆಯಾಡಿಸುವುದು ಮಾತ್ರ. ಅದೇ ಬಗೆಯ ಮಗು ಇರುವ ಇನ್ನೊಬ್ಬ ತಾಯಿ ಎದುರಾದರೆ ಮೊದಲ ಪ್ರಶ್ನೆಯೇ ಬೇರೆ: ‘ನಿಮ್ಮವನು ಗಂಜಿ ನುಂಗುತ್ತಾನಾ? ಕೆಮ್ಮು ಬರುತ್ತದಾ?’

ಈ ಪ್ರಶ್ನೆಯ ಬೆಲೆ ದೊಡ್ಡದು. ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳು ಮತ್ತೆ ಮತ್ತೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಲು ಒಂದು ಕಾರಣ, ಮಲಗಿಸಿಕೊಂಡು ಕುತ್ತಿಗೆ ಹಿಂದಕ್ಕೆ ಬಾಗಿಸಿ ಊಟ ಹಾಕುವುದು. ಅನ್ನ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ತಲೆ ಕೊಂಚ ಮುಂದಕ್ಕಿರುವಂತೆ ಹಿಡಿದು, ತೀರಾ ತೆಳುವಾದ ನೀರಿನಂಥದ್ದಕ್ಕಿಂತ ಸ್ವಲ್ಪ ಗಟ್ಟಿ ಗಂಜಿಯನ್ನು ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಟ್ಟರೆ ಎಷ್ಟೋ ಅಪಾಯ ತಪ್ಪುತ್ತದೆ. ಇದನ್ನು ಫಿಸಿಯೋಥೆರಪಿಯವರು ಒಮ್ಮೆ ಹೇಳಿರುತ್ತಾರೆ. ಆದರೆ ಗೋಡೆಯ ಮೂಲೆಗೆ ಎರಡು ದಿಂಬು ಇಟ್ಟು, ಹಳೆಯ ದುಪಟ್ಟಾದಿಂದ ಎದೆಯ ಬಳಿ ಸಡಿಲವಾಗಿ ಕಟ್ಟಿ ಕೂರಿಸುವುದು ಹೇಗೆ ಎಂದು ತೋರಿಸುವವಳು ಇನ್ನೊಬ್ಬ ತಾಯಿಯೇ. ಅವಳ ಮನೆಯಲ್ಲೂ ಸಾವಿರಾರು ರೂಪಾಯಿಯ ಕುರ್ಚಿ ಇಲ್ಲ.

ಹಾಗೆಯೇ ಮಲಗಿದಲ್ಲೇ ಇರುವವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರಾತ್ರಿಯ ಸರದಿಯನ್ನು ಗಂಡನಿಗೆ, ದೊಡ್ಡ ಮಗನಿಗೆ ಹಂಚುವುದು ಹೇಗೆ, ಮನೆಯಲ್ಲಿ ಜಗಳವಾಗದಂತೆ ಅದನ್ನು ಕೇಳುವುದು ಹೇಗೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಮೂರ್ಛೆ ಬಂದಾಗ ಬಾಯಿಗೆ ಚಮಚ ತುರುಕಬಾರದು, ಕೈಗೆ ಬೀಗದ ಕೈ ಕೊಡಬಾರದು, ಈರುಳ್ಳಿ ಮೂಸಿಸುವುದೂ ಬೇಡ, ಮಗ್ಗುಲಿಗೆ ತಿರುಗಿಸಿ ಸಮಯ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ನಾನು ಹೇಳಿದ್ದನ್ನು ಅತ್ತೆ ಒಪ್ಪುವುದಿಲ್ಲ. ಅದೇ ಮಾತನ್ನು, ಮೂರ್ಛೆ ಬರುವ ಮೊಮ್ಮಗಳನ್ನು ಹತ್ತು ವರ್ಷ ಸಾಕಿದ ಇನ್ನೊಬ್ಬ ಅಜ್ಜಿ ಹೇಳಿದರೆ ಒಪ್ಪುತ್ತಾರೆ. ಇದು ನನಗೆ ಬೇಸರದ ವಿಷಯವೇನಲ್ಲ, ಮನುಷ್ಯಸ್ವಭಾವವೇ ಹಾಗೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬೌದ್ಧಿಕ ಬೆಳವಣಿಗೆ ಕಡಿಮೆ ಇರುವ ಮಗಳು ಹನ್ನೆರಡು ಹದಿಮೂರಕ್ಕೆ ಬಂದಾಗ ತಾಯಂದಿರು ನನ್ನ ಬಳಿ ತೀರಾ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದಿದೆ: ಗರ್ಭಕೋಶ ತೆಗೆಸಿಬಿಡಬಹುದೇ? ಮುಟ್ಟಿನ ದಿನಗಳ ಸ್ವಚ್ಛತೆಯೇ ಅವರಿಗೆ ಬೆಟ್ಟದಂಥ ಸಮಸ್ಯೆ. ಮಗಳು ಬಟ್ಟೆಯನ್ನು ಕಿತ್ತೆಸೆಯುತ್ತಾಳೆ, ಅಣ್ಣತಮ್ಮಂದಿರ ಮುಂದೆ ಬಂದು ನಿಲ್ಲುತ್ತಾಳೆ. ಕೇಳುವ ತಾಯಿ ಕ್ರೂರಿಯಲ್ಲ, ಸೋತು ಹೋಗಿದ್ದಾಳೆ. ಕಾಯಿಲೆಯಿಲ್ಲದ ಅಂಗವನ್ನು ಕತ್ತರಿಸಿ ತೆಗೆಯುವುದು ಚಿಕಿತ್ಸೆಯಲ್ಲ. ಅದು ಮಗಳನ್ನು ದೌರ್ಜನ್ಯದಿಂದಲೂ ಕಾಪಾಡುವುದಿಲ್ಲ, ಆಗಿದ್ದು ಗೊತ್ತಾಗದಂತೆ ಮುಚ್ಚಿಡುತ್ತದೆ ಅಷ್ಟೇ. ನಾನು ಹೀಗೆ ಹೇಳಿದಾಗ ಅವರು ಕೇಳಿಸಿಕೊಳ್ಳುತ್ತಾರೆ, ಆದರೆ ದಾರಿ ಕಾಣುವುದಿಲ್ಲ. ಒಬ್ಬ ತಾಯಿಗೆ ದಾರಿ ಕಂಡದ್ದು, ಅಂಥದ್ದೇ ಮಗಳಿರುವ ಇನ್ನೊಬ್ಬಾಕೆ ತಾನು ಮಾಡಿದ್ದನ್ನು ವಿವರಿಸಿದಾಗ. ಮುಟ್ಟು ಶುರುವಾಗುವ ಮೊದಲೇ ಮಗಳಿಗೆ ದಿನಕ್ಕೆ ಅರ್ಧ ಗಂಟೆ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಟ್ಟು ತೋರಿಸಿದ್ದರು. ಬದಲಿಸುವ ಕೆಲಸವನ್ನು ಬಾತ್‌ರೂಮಿನಲ್ಲಿ ಮಾತ್ರ, ಬಾಗಿಲು ಹಾಕಿಕೊಂಡು ಮಾತ್ರ ಮಾಡಿಸಿ ಅದನ್ನೇ ರೂಢಿ ಮಾಡಿಸಿದ್ದರು. ಏಳೆಂಟು ತಿಂಗಳು ಹಿಡಿಯಿತಂತೆ. ‘ಏಳೆಂಟು ತಿಂಗಳು’ ಎಂದು ಆಕೆ ಹೇಳಿದ್ದೇ ಇನ್ನೊಬ್ಬಾಕೆಗೆ ದೊಡ್ಡ ಸಮಾಧಾನವಾಯಿತು. ನಾನಾಗಿದ್ದರೆ ‘ತಾಳ್ಮೆಯಿಂದ ಕಲಿಸಿ’ ಎಂದಷ್ಟೇ ಹೇಳಿರುತ್ತಿದ್ದೆ.

ಹಾಗಾದರೆ ಇಂಥವರು ತಾವಾಗಿಯೇ ಏಕೆ ಸೇರುವುದಿಲ್ಲ? ಕಾರಣ ನಿಮಗೂ ಗೊತ್ತು. ಮನೆಯಲ್ಲಿ ಇನ್ನೊಬ್ಬಳು ಮಗಳಿದ್ದಾಳೆ, ಅವಳಿಗೆ ರಿಶ್ತಾ ಬರಬೇಕು. ‘ಆ ಮನೆಯಲ್ಲಿ ಹಾಗಿರುವ ಮಗು ಇದೆಯಂತೆ’ ಎಂಬ ಒಂದು ಮಾತು ಸಾಕು, ನೋಡಲು ಬರುವವರು ಹಿಂದಿರುಗಿ ಹೋಗುತ್ತಾರೆ. ಈ ಭಯ ಸುಳ್ಳಲ್ಲ. ಆದ್ದರಿಂದ ‘ನಾಚಿಕೆ ಬಿಡಿ, ಹೊರಗೆ ಬನ್ನಿ’ ಎಂದು ಆ ತಾಯಂದಿರಿಗೆ ಉಪದೇಶ ಮಾಡುವುದನ್ನು ನಾನು ಒಪ್ಪುವುದಿಲ್ಲ. ರಿಶ್ತಾ ತಿರುಗಿಸುವವರು ನಾವು, ನಾಚಿಕೆ ಬಿಡಬೇಕಾದವರು ಅವರೇ?

ಇದರ ಜೊತೆಗೆ ತಾಯಿಯ ಮೇಲೆ ಹೊರೆಸುವ ಅಪವಾದ. ಥಲಸ್ಸೀಮಿಯಾ ಮೇಜರ್ ಬರುವುದು ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಂದರೆ ಗಂಡನ ಪಾಲೂ ಹೆಂಡತಿಯ ಪಾಲೂ ಸಮಾನ. ಆದರೂ ‘ನಿನ್ನ ತವರಿನ ರಕ್ತ’ ಎನ್ನಿಸಿಕೊಳ್ಳುವವಳು ಹೆಂಡತಿ. (ಹತ್ತಿರದ ಸಂಬಂಧದಲ್ಲಿ ಮದುವೆ ಮಾಡುವವರು ಎರಡೂ ಕಡೆ ಎಚ್‌ಬಿ-ಎ2 ರಕ್ತಪರೀಕ್ಷೆ ಮೊದಲೇ ಮಾಡಿಸಿಕೊಳ್ಳಿ ಎಂದು ಈ ಪುಟಗಳಲ್ಲಿ ಎಷ್ಟು ಸಲ ಬರೆದರೂ ಕಡಿಮೆಯೇ.) ಹಿಮೋಫಿಲಿಯಾ, ಅಂದರೆ ಕುಸುಮ ರೋಗದಲ್ಲಿ ಸಾಮಾನ್ಯವಾಗಿ ತಾಯಿ ವಾಹಕಿ, ಕಾಯಿಲೆ ಗಂಡುಮಕ್ಕಳಿಗೆ. ಅಲ್ಲಂತೂ ಅಪವಾದಕ್ಕೆ ವಿಜ್ಞಾನದ ಮುದ್ರೆಯೇ ಸಿಕ್ಕಿಬಿಡುತ್ತದೆ. ಆ ತಾಯಿ ತನ್ನ ತಂದೆತಾಯಿಯಿಂದ ಬಂದ ಜೀನನ್ನು ಆರಿಸಿಕೊಂಡು ಬಂದವಳೇ?

ಈ ಎರಡು ಕಾಯಿಲೆಗಳ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಸಮಾನ ಕಷ್ಟದವರ ಬಳಗ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ವೈದ್ಯರು ಹೌದು, ಆದರೆ ಸ್ವತಃ ಹಿಮೋಫಿಲಿಯಾ ಇರುವವರು. ಲೋಕದ ಮಟ್ಟದಲ್ಲೂ ಹೀಗೆಯೇ ಆಯಿತು. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದ ಕೆನಡಾದ ಫ್ರಾಂಕ್ ಶ್ನಾಬೆಲ್ ವೈದ್ಯರಲ್ಲ, ರೋಗಿ. ಅವರು ಹುಟ್ಟಿದ ಏಪ್ರಿಲ್ 17ನ್ನೇ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿ, ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಅದರಲ್ಲಿ ಸೇರಿದವು. ಒಂಟಿಯಾಗಿ ಅಳುವವರ ಕೂಗು ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಬಾಂಗ್ಲಾದೇಶದ ಬಡ ಹಳ್ಳಿಗಳಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳ ತಾಯಂದಿರನ್ನು ಸಣ್ಣ ಗುಂಪುಗಳಾಗಿ ಕೂರಿಸಿ, ಊಟ ಮಾಡಿಸುವುದು, ಕೂರಿಸುವುದು, ಎತ್ತುವುದು, ಆಡಿಸುವುದನ್ನು ಒಂದೊಂದು ದಿನ ಒಂದೊಂದಾಗಿ ಕಲಿಯುವ ಪದ್ಧತಿ ನಡೆಸಿ ನೋಡಿದ್ದಾರೆ. ಅದರ ಕೈಪಿಡಿಯನ್ನು ಲಂಡನ್ನಿನ ಆರೋಗ್ಯ ವಿದ್ಯಾಲಯವೊಂದು 2013ರಲ್ಲಿ ಹೊರತಂದಿತು. ಅಲ್ಲಿಯ ಹಳ್ಳಿಯ ತಾಯಂದಿರ ಬಳಿ ನಮ್ಮವರಿಗಿಂತ ಹೆಚ್ಚೇನೂ ಇರಲಿಲ್ಲ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಹಿರಿಯರೊಬ್ಬರಿಗೆ ಈ ವಿಷಯ ಹೇಳಿದಾಗ, ‘ಸಬ್ರ್ ಮಾಡಬೇಕು ಡಾಕ್ಟರ್, ಕಷ್ಟವನ್ನು ಊರ ಮುಂದೆ ಹರಡಬಾರದು’ ಎಂದರು. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡು ಒಬ್ಬಳೇ ಸವೆಯುವುದು ಎಂದು ಯಾವಾಗ ಅರ್ಥವಾಯಿತೋ ನನಗೆ ತಿಳಿಯದು. ಜ್ವರ ಬಂದವನು ನನ್ನ ಬಳಿಗೆ ಬಂದು ಮೈ ಸುಡುತ್ತಿದೆ ಎಂದರೆ ಅವನು ಸಬ್ರ್ ಕಳೆದುಕೊಂಡ ಎನ್ನುತ್ತೇವೆಯೇ? ಇದು ಊರ ಮುಂದೆ ಹರಡುವುದೂ ಅಲ್ಲ. ಆರೆಂಟು ಮಂದಿಯ ನಡುವೆ, ಬಾಗಿಲು ಹಾಕಿಕೊಂಡು ಆಡುವ ಮಾತು.

ಎರಡನೆಯದು, ‘ನಮ್ಮಲ್ಲಿ ಕೂಡುಕುಟುಂಬ ಇದೆ, ಇವೆಲ್ಲ ಪರದೇಶದವರಿಗೆ’ ಎಂಬುದು. ಕೂಡುಕುಟುಂಬ ಇದ್ದ ಮನೆಗಳಲ್ಲಿ ಕೈ ಸಹಾಯ ಇರುತ್ತದೆ ಎಂಬುದು ನಿಜ. ಆದರೆ ಅತ್ತೆ, ನಾದಿನಿ, ವಾರಗಿತ್ತಿಯರ ಮುಂದೆ ‘ಇವತ್ತು ನನಗೆ ಸಾಕಾಯಿತು’ ಎಂದು ಹೇಳಿಕೊಳ್ಳಬಹುದಾದ ಸೊಸೆ ಎಷ್ಟು ಮನೆಗಳಲ್ಲಿದ್ದಾಳೆ? ಆ ಮಾತು ಅಡುಗೆಮನೆ ದಾಟುವುದರೊಳಗೆ ‘ಮಗು ಬೇಡ ಎಂದಳಂತೆ’ ಆಗಿರುತ್ತದೆ.

ಮೂರನೆಯದು ಯುವಕರದ್ದು: ವಾಟ್ಸಾಪ್ ಗುಂಪು ಮಾಡಿಕೊಟ್ಟರೆ ಸಾಲದೇ? ಸಾಲದು. ತಿಂಗಳೊಳಗೆ ಅದರಲ್ಲಿ ಶುಭೋದಯದ ಹೂವುಗಳೂ, ‘ಏಳು ದಿನದಲ್ಲಿ ಗುಣ’ದ ವಿಡಿಯೋಗಳೂ ತುಂಬಿರುತ್ತವೆ. ಮೇಲಾಗಿ ಅಲ್ಲಿ ಬರೆದದ್ದರ ಸ್ಕ್ರೀನ್‌ಶಾಟ್ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ದಿನ, ಸಮಯ ತಿಳಿಸಲು ವಾಟ್ಸಾಪ್ ಇರಲಿ. ಅಳು ಮತ್ತು ನಗು ಒಂದೇ ಕೋಣೆಯಲ್ಲಿ ಕುಳಿತೇ ಆಗಬೇಕು. ನಗು ಎಂದಾಗ ನಿಮಗೆ ಆಶ್ಚರ್ಯವಾಗಬಹುದು. ಇಂಥ ತಾಯಂದಿರು ನಾಲ್ಕು ಮಂದಿ ಸೇರಿದ ಕಡೆ ಕಿವಿಗೊಟ್ಟು ನೋಡಿ, ನಗು ಬೇಗ ಬರುತ್ತದೆ. ಮಗ ಮದುವೆ ಮನೆಯಲ್ಲಿ ಅಪರಿಚಿತರ ತಟ್ಟೆಯಿಂದ ಕಬಾಬ್ ಎತ್ತಿಕೊಂಡದ್ದನ್ನು ಬೇರೆ ಯಾರ ಮುಂದೆ ಹೇಳಿ ನಗುವುದು?

ಆಗಬೇಕಾದ್ದು ಹೆಚ್ಚಿನದ್ದೇನೂ ಇಲ್ಲ. ಶಾದಿ ಮಹಲಿನ ಊಟದ ಹಾಲ್ ವಾರದ ಮಧ್ಯೆ ಖಾಲಿ ಬಿದ್ದಿರುತ್ತದೆ. ಮದ್ರಸಾದ ಕೋಣೆಗಳು ಬೆಳಗಿನ ಪಾಠ ಮುಗಿದ ಮೇಲೆ ಸಂಜೆಯವರೆಗೆ ಖಾಲಿ. ಬೇರೆ ಮಕ್ಕಳು ಶಾಲೆಯಲ್ಲಿರುವ ಹೊತ್ತು, ಹನ್ನೊಂದರಿಂದ ಒಂದು ಗಂಟೆ, ಅಂದರೆ ಝುಹರ್‌ಗೆ ಮುಂಚೆ, ತಾಯಂದಿರಿಗೆ ಅನುಕೂಲ. ನೆಲಮಟ್ಟದ ಕೋಣೆ ಇರಲಿ. ಮಹಡಿಯ ಮೇಲೆ ಕೊಟ್ಟರೆ 38 ಕಿಲೋದ ಮಗನನ್ನು ಹೊತ್ತುಕೊಂಡು ಯಾರು ಬರುತ್ತಾರೆ? ಹತ್ತಿರದಲ್ಲೇ ಸ್ವಚ್ಛವಾದ ಶೌಚಾಲಯ, ನೀರು, ಮಗುವಿನ ಬಟ್ಟೆ ಬದಲಿಸಲು ಒಂದು ಮರೆ ಬೇಕು. ಬೈತುಲ್‌ಮಾಲ್‌ನಿಂದ ಆಟೋ ಬಾಡಿಗೆ ಕೊಡಿ. ಆ ಎರಡು ಗಂಟೆ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಮೂವರು ಕಾಲೇಜಿನ ಹುಡುಗಿಯರು ಇರಲಿ. ಅವರಿಗೂ ಪಾಠವಾಗುತ್ತದೆ; ನಾಳೆ ರಿಶ್ತಾ ನೋಡಲು ಹೋಗುವವರು ಅವರೇ ತಾನೆ.

ಆಮೇಲೆ ಬಾಗಿಲು ಹಾಕಿ ಹೊರಗೆ ಬನ್ನಿ. ನಮ್ಮವರಿಗೆ ಅತಿ ಕಷ್ಟವಾಗುವುದು ಇದು. ಕೋಣೆ ಕೊಟ್ಟ ಮೇಲೆ ಉದ್ಘಾಟನೆ ಬೇಕು, ಬ್ಯಾನರ್ ಬೇಕು, ಅಧ್ಯಕ್ಷರ ನಾಲ್ಕು ಮಾತು ಬೇಕು, ಒಂದು ಬಯಾನ್ ಬೇಕು, ಹೊಲಿಗೆ ಯಂತ್ರ ಹಂಚುವ ಫೋಟೋ ಬೇಕು. ಇವುಗಳಲ್ಲಿ ಒಂದನ್ನು ಒಳಗೆ ಬಿಟ್ಟರೂ ಬಳಗ ಮುಗಿಯಿತು. ಫೋಟೋದಲ್ಲಿ ಕಾಣಿಸಿಕೊಂಡ ತಾಯಿ ಮುಂದಿನ ಸಲ ಬರುವುದಿಲ್ಲ. ಕುಡುಕರ ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿ ಇಂದು ನಮ್ಮ ದೇಶದಲ್ಲೂ ಇರುವ ‘ಅಲ್-ಅನಾನ್’ ಬಳಗಗಳು ಇಷ್ಟು ವರ್ಷ ಬಾಳಿದ್ದಕ್ಕೆ ಒಂದು ಕಾರಣ, ಅಲ್ಲಿ ಬಂದವರ ಹೆಸರು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ. ಗಾಂಜಾ, ಮಾತ್ರೆಗಳ ಚಟಕ್ಕೆ ಬಿದ್ದ ಮಕ್ಕಳ ತಾಯಂದಿರು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅಡಗಿ ಕುಳಿತಿದ್ದಾರೆ. ಅವರ ಮಾತನ್ನು ಇನ್ನೊಮ್ಮೆ ಬರೆಯುತ್ತೇನೆ.

ಇನ್ನೊಂದು ಬಾಗಿಲನ್ನೂ ಭದ್ರವಾಗಿ ಮುಚ್ಚಬೇಕು: ಮದ್ದು ಮಾರುವವರ ಬಾಗಿಲು. ನಾನು ಯುನಾನಿಯವನಾಗಿಯೇ ಹೇಳುತ್ತೇನೆ, ನನ್ನ ವೃತ್ತಿಯವರನ್ನೂ ಸೇರಿಸಿ. ಗುಣವಾಗದ ಕಾಯಿಲೆಯ ಮಗು ಇರುವ ತಾಯಂದಿರು ಒಂದೇ ಕಡೆ ಸೇರುತ್ತಾರೆ ಎಂದು ಗೊತ್ತಾದರೆ ಅಲ್ಲಿಗೆ ಬರುವವರು ಬಹಳ. ಆಟಿಸಂಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು, ಮೆದುಳಿಗೆ ಕುಶ್ತಾ ಕೊಡುತ್ತೇವೆ ಎನ್ನುವವರು, ಅಸರ್ ಇಳಿಸುತ್ತೇವೆ ಎನ್ನುವ ಆಮಿಲರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ, ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಪ್ರಯೋಗಗಳನ್ನು ಹಣ ಪಡೆದು ಚಿಕಿತ್ಸೆಯಾಗಿ ಕೊಡುವಂತಿಲ್ಲ. ಪಾದರಸ, ಸೀಸದಂಥ ಲೋಹದ ಕುಶ್ತಾಗಳನ್ನು ಮಗುವಿನ ಬೆಳೆಯುವ ಮೆದುಳಿನ ಹೆಸರಿನಲ್ಲಿ ಕೊಡುವುದು ನನ್ನ ಕಣ್ಣಿಗೆ ಅಪರಾಧ. ಗಟ್ಟಿಯಾದ ಬಳಗವೊಂದಿದ್ದರೆ ಇವರ ಬಂಡವಾಳ ಬೇಗ ಬಯಲಾಗುತ್ತದೆ, ಏಕೆಂದರೆ ‘ನಾವೂ ಬಳೆ ಮಾರಿ ಕೊಟ್ಟೆವು, ಏನೂ ಆಗಲಿಲ್ಲ’ ಎಂದು ಹೇಳುವವರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಬಳಗ ಸಡಿಲವಾಗಿದ್ದರೆ ಅದೇ ಇವರ ಸಂತೆಯಾಗುತ್ತದೆ. ಹಾಗಾಗಿ ನನ್ನನ್ನೂ ಕರೆಯಬೇಡಿ. ಯಾವುದಾದರೂ ಪ್ರಶ್ನೆ ಬಂದು ತಾವೇ ಕರೆದರೆ ಹೋಗುತ್ತೇನೆ, ಉತ್ತರ ಹೇಳಿ ಎದ್ದು ಬರುತ್ತೇನೆ.

ಒಳಗೆ ಏನು ಮಾತನಾಡಬೇಕು ಎಂದು ನಾನು ಪಟ್ಟಿ ಕೊಡುವುದಿಲ್ಲ. ಎರಡು ಮೂರು ಕಟ್ಟುಪಾಡು ಮಾತ್ರ ಮೊದಲ ದಿನವೇ ಒಪ್ಪಿಕೊಳ್ಳಲಿ. ಇಲ್ಲಿಯ ಮಾತು ಗಂಡನಿಗೂ ಹೋಗಬಾರದು. ಒಬ್ಬರು ಹೇಳುತ್ತಿರುವಾಗ ಕೇಳದೇ ಸಲಹೆ ಕೊಡಬಾರದು. ಯಾರ ಕಷ್ಟ ದೊಡ್ಡದು ಎಂದು ತೂಗಬಾರದು. ‘ನಿನ್ನವನು ನಡೆಯುತ್ತಾನಲ್ಲ, ನಿನಗೇನು’ ಎಂಬ ಮಾತು ಒಮ್ಮೆ ಬಂದರೆ ಸಾಕು, ಅರ್ಧ ಬಳಗ ಕರಗುತ್ತದೆ. ಕಾಗದಪತ್ರದ ವಿಷಯ ತಾನಾಗಿಯೇ ಬರುತ್ತದೆ. ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸಿದ ತಾಯಿ ಮಾಡಿಸದವಳನ್ನು ಕರೆದುಕೊಂಡು ಹೋಗುತ್ತಾಳೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಎಂಬ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೈದ್ಯಕೀಯ ವೆಚ್ಚ ಸಿಗುತ್ತದೆ. ಇದೇ ನಾಲ್ಕು ಬಗೆಯ ಮಕ್ಕಳಿಗೆ 18 ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ‘ನಾನು ಸತ್ತ ಮೇಲೆ ಯಾರು’ ಎಂಬ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ಆದರೆ ಹಿಡಿಯಲು ಒಂದು ಹಗ್ಗ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ, ಪಟ್ಟಣದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರಿಗೆ ಈ ಅರ್ಜಿಗಳ ದಾರಿ ಗೊತ್ತಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ವೈದ್ಯನಾಗಿ ಹೇಳಲೇಬೇಕು. ಬಳಗ ಚಿಕಿತ್ಸೆಯ ಬದಲಿಗೆ ಅಲ್ಲ. ವಾರಗಟ್ಟಲೆ ನಿದ್ದೆ ಊಟ ಬಿಟ್ಟವರು, ಯಾವುದರಲ್ಲೂ ಮನಸ್ಸಿಲ್ಲದೆ ಕುಳಿತವರು, ‘ನಾನೂ ಮಗುವೂ ಒಟ್ಟಿಗೆ ಹೋಗಿಬಿಟ್ಟರೆ ಚೆನ್ನಾಗಿತ್ತು’ ಎಂದವರು ಯಾರೇ ಇರಲಿ, ಆ ಮಾತನ್ನು ದುಆ ಮಾಡಿ ಮುಗಿಸಬೇಡಿ. ಅದೇ ದಿನ ಜೊತೆಯಲ್ಲಿ ಜಿಲ್ಲಾಸ್ಪತ್ರೆಯ ಮಾನಸಿಕ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಹೀಗೆ ಹೇಳಿದ ತಾಯಿಯ ಗುಟ್ಟು ಕಾಪಾಡುವುದಕ್ಕಿಂತ ಜೀವ ಕಾಪಾಡುವುದು ಮೊದಲು. ಇದೊಂದು ವಿಷಯದಲ್ಲಿ ಗುಟ್ಟಿನ ಕಟ್ಟುಪಾಡು ನಡೆಯುವುದಿಲ್ಲ ಎಂದು ಮೊದಲ ದಿನವೇ ಎಲ್ಲರಿಗೂ ತಿಳಿಸಿರಬೇಕು.

ತಂದೆಯರನ್ನು ಇಲ್ಲಿಯವರೆಗೆ ಬದಿಗಿಟ್ಟೆ, ಆದರೆ ಮರೆತಿಲ್ಲ. ಅವರು ತಾಯಂದಿರ ಜೊತೆ ಕೂರುವುದಿಲ್ಲ, ಕೂತರೂ ಬಾಯಿ ಬಿಡುವುದಿಲ್ಲ. ಅವರಿಗೆ ಬೇರೆಯೇ ಬೈಠಕ್ ಬೇಕು, ಇಶಾ ನಮಾಝ್ ಆದ ಮೇಲೆ, ಚಹಾ ಜೊತೆ. ಮಂಡಕ್ಕಿ ಭಟ್ಟಿಯಲ್ಲಿ, ಗ್ಯಾರೇಜಿನಲ್ಲಿ, ಗಾಡಿ ಓಡಿಸಿ ದಣಿದು ಬಂದವರು ಮೊದಲ ಎರಡು ತಿಂಗಳು ಕ್ರಿಕೆಟ್ಟು, ಡೀಸೆಲ್ ರೇಟು ಬಿಟ್ಟು ಬೇರೆ ಮಾತನಾಡದಿರಬಹುದು. ಆಡಲಿ. ಮೂರನೆಯ ತಿಂಗಳು ಒಬ್ಬ, ‘ನಮ್ಮ ಹುಡುಗನ ಫಿಟ್ಸ್ ಮಾತ್ರೆ ಈ ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಇರಲಿಲ್ಲ ಭಾಯಿ, ನಿಮಗೆಲ್ಲಿ ಸಿಕ್ಕಿತು’ ಎನ್ನುತ್ತಾನೆ. ಅಲ್ಲಿಂದ ಮಾತು ಶುರುವಾಗುತ್ತದೆ. ಮಗು ಹೀಗಿದೆ ಎಂದು ಗೊತ್ತಾದ ಮೇಲೆ ಮನೆಗೆ ತಡವಾಗಿ ಬರಲು ಶುರುಮಾಡಿದ ಗಂಡಸರನ್ನು, ಮನೆಯನ್ನೇ ಬಿಟ್ಟು ಹೋದವರನ್ನು ನಾವು ಬೈಯುತ್ತೇವೆ, ಬೈಯಬೇಕಾದ್ದೇ. ಹೋಗುವ ಮುಂಚೆ ಅವರ ಜೊತೆ ಯಾರು ಕುಳಿತಿದ್ದರು ಎಂದೂ ಕೇಳಬೇಕು.

ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ, ಜಮಾಅತ್‌ನವರು ಏನಾದರೂ ಮಾಡಲಿ ಎಂದು ಕಾಯಬೇಡಿ. ಥಲಸ್ಸೀಮಿಯಾ ವಾರ್ಡಿನಲ್ಲಿ ರಕ್ತ ಏರುವ ನಾಲ್ಕು ಗಂಟೆ ಪಕ್ಕದ ಮಂಚದ ತಾಯಿಯೂ ನಿಮ್ಮ ಹಾಗೆ ಬಾಟಲಿ ನೋಡುತ್ತಾ ಕುಳಿತಿರುತ್ತಾಳೆ. ಫಿಸಿಯೋಥೆರಪಿಯ ಬೆಂಚಿನ ಮೇಲೂ ಹಾಗೆಯೇ. ಅವಳ ಮಗುವಿನ ಹೆಸರು ಕೇಳಿ, ನಂಬರ್ ತೆಗೆದುಕೊಳ್ಳಿ. ಅವಳು ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆ ಆ ಬೆಂಚಿನ ಮೇಲೆ ಯಾರಿಗೂ ಬರುವುದಿಲ್ಲ. ಇಬ್ಬರಾದರೂ ಸಾಕು ಶುರುಮಾಡಲು. ಮೂರನೆಯವಳನ್ನು ನಿಮ್ಮ ದವಾಖಾನೆಯ ಡಾಕ್ಟರ್ ಕಳಿಸುತ್ತಾರೆ, ಕೇಳಿ ನೋಡಿ.

ನೀವು ಜಮಾಅತ್‌ನ ಸಮಿತಿಯಲ್ಲಿದ್ದರೆ, ಶಾದಿ ಮಹಲಿನ ಬುಕಿಂಗ್ ಪುಸ್ತಕ ತೆರೆದು ತಿಂಗಳಿಗೊಂದು ಮಂಗಳವಾರ ಹನ್ನೊಂದರಿಂದ ಒಂದರವರೆಗೆ ಬರೆದಿಡಿ. ಯಾವ ಕಾರ್ಯಕ್ರಮ ಎಂಬ ಕಾಲಂ ಖಾಲಿ ಇರಲಿ.